ಕುಂಟೆಯಷ್ಟೇ ಉಳಿದ ಕೆರೆ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ತಾಯಿ ಬೆಂಗಳೂರಿನ ಪೂರ್ವದಂಚಿನ ಒಂದು ಹಳ್ಳಿಯ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿದವರು. ಅವರು ಕೆಲಸಕ್ಕೆ ಸೇರಿದಾಗ ಅದು ಬಸ್ಸಿಳಿದು ಕೆರೆ ಏರಿಯ ಮೇಲೆ ಎರಡು ಮೈಲಿ ನಡೆದು ಸೇರಬೇಕಾಗಿದ್ದ ಊರು. ನಿವೃತ್ತರಾಗುವ ಹೊತ್ತಿಗೆ ಅದು ಮಹಾನಗರ ಪಾಲಿಕೆಯ ವಾರ್ಡು. ಅವರಿಗೆ ಒಮ್ಮೆಯೂ ವರ್ಗವಾಗಲಿಲ್ಲ, ವರ್ಗವಾದದ್ದು ಊರು. ಅವರ ಕೈಯಲ್ಲಿ ಮಗ್ಗಿ ಕಲಿತವನು ನಾನು. ಅದೇ ಊರಿನವನು. ಇವತ್ತಿಗೂ ಅಲ್ಲೇ ಇದ್ದೇನೆ. ಹಾಗಾಗಿ ನಗರ ಬೆಳೆದಾಗ ನಾಡಿನ ನಡೆನುಡಿಗೆ ಏನಾಗುತ್ತದೆ ಎಂಬ ಮಾತನ್ನು ಪುಸ್ತಕದಿಂದ ಮಾತ್ರ ಆಡಲು ನನ್ನಿಂದ ಆಗುವುದಿಲ್ಲ.

ಮೊದಲು ಬೆಂಗಳೂರಿನ ನಡುಮಧ್ಯದ ಒಂದು ಜಾಗಕ್ಕೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಕಂಠೀರವ ಕ್ರೀಡಾಂಗಣವನ್ನು ನೀವೆಲ್ಲ ನೋಡಿದ್ದೀರಿ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಜಾಗ. ಅದರ ಮಗ್ಗುಲಲ್ಲಿ ಕಟ್ಟೆ ಕಟ್ಟಿದ ಒಂದು ಸಣ್ಣ ಕುಂಟೆ ಇದೆ. ಆಟ ನೋಡಲು ಬರುವವರು ಅದರ ಕಡೆ ತಿರುಗುವುದೂ ಇಲ್ಲ. ಒಂದು ಕಾಲಕ್ಕೆ ಪೇಟೆಗೂ ದಂಡಿಗೂ ನಡುವೆ ಹರಡಿಕೊಂಡಿದ್ದ ಸಂಪಂಗಿ ಕೆರೆಯಲ್ಲಿ ಈಗ ಉಳಿದಿರುವುದು ಅಷ್ಟೇ. ಅಷ್ಟಗಲವಾದರೂ ಉಳಿದದ್ದು ಏಕೆ ಎಂದರೆ, ಚೈತ್ರಮಾಸದಲ್ಲಿ ಕರಗದವರು ಅಲ್ಲಿಗೆ ಬರಲೇಬೇಕು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹುಣ್ಣಿಮೆಯ ರಾತ್ರಿ ಹೊರಡುವ ಹೂವಿನ ಕರಗವನ್ನು ಲಕ್ಷಾಂತರ ಜನ ನೋಡುತ್ತಾರೆ. ಅದಕ್ಕೆ ಮೊದಲು ನಡೆಯುವ ಹಸಿ ಕರಗದ ಶಾಸ್ತ್ರಕ್ಕೆ ಬೇಕಾದದ್ದು ಈ ಕೆರೆಯಂಗಳ. ಆ ಹೆಸರಿನಲ್ಲೇ ಕೆರೆಯ ಹಸಿಮಣ್ಣಿನ ನೆನಪಿದೆ.

ತಿಗಳರಿಗೂ ಆ ಕೆರೆಗೂ ಏನು ಸಂಬಂಧ? ಅವರು ತೋಟದವರು. ಸೊಪ್ಪು, ತರಕಾರಿ, ಹೂವು ಬೆಳೆದು ಪೇಟೆಗೆ ಹೊತ್ತು ಮಾರಿದವರು. ಲಾಲ್‌ಬಾಗಿನ ಸುತ್ತಮುತ್ತ, ಸಂಪಂಗಿ ಕೆರೆಯ ಕೆಳಗೆ, ಸಿದ್ಧಾಪುರ, ಕಲಾಸಿಪಾಳ್ಯಗಳ ಕಡೆ ಅವರ ತೋಟಗಳಿದ್ದವು. ಕೆರೆಯ ನೀರು ತೋಟಕ್ಕೆ, ತೋಟದ ಹೂವು ದೇವರಿಗೆ, ದೇವರ ಮೆರವಣಿಗೆ ಮತ್ತೆ ಕೆರೆಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಕೆರೆಯ ಮೇಲೆ ಜಗಳ ಶುರುವಾಯಿತು. ತೋಟದವರಿಗೆ ನೀರು ನಿಲ್ಲಬೇಕು, ಇಟ್ಟಿಗೆ ಮಾಡುವವರಿಗೆ ಮಣ್ಣು ಬೇಕು, ದಂಡಿನವರಿಗೆ ಅಂಗಳ ಒಣಗಿರಬೇಕು. ಅಷ್ಟರಲ್ಲಿ 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದ ಕಾವೇರಿ. ಮನೆಯ ನಲ್ಲಿಯಲ್ಲಿ ಸಿಗುವ ನೀರಿಗೆ ಕೆರೆಯ ಹಂಗಿಲ್ಲ. ಹಂಗು ಹೋದಮೇಲೆ ಕೆರೆ ಎಂಬುದು ಸರ್ಕಾರದ ಕಣ್ಣಿಗೆ ಖಾಲಿ ಬಿದ್ದ ಜಮೀನು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು, ಕೋರಮಂಗಲದ ಕೆರೆಯ ಮೇಲೆ ಕ್ರೀಡಾಗ್ರಾಮ ಎದ್ದಿತು. ಈ ನಗರದ ಗ್ರಾಮದೇವತೆ ಅಣ್ಣಮ್ಮ ಧರ್ಮಾಂಬುಧಿಯ ದಡದಲ್ಲಿ ಕೂತಿದ್ದಳು. ಈಗ ಬಸ್ಸುಗಳ ಸದ್ದಿನ ನಡುವೆ ಕೂತಿದ್ದಾಳೆ. ಅವಳು ಜಾಗ ಬಿಟ್ಟು ಕದಲಿಲ್ಲ ಎನ್ನುವುದು ನನಗೆ ದೊಡ್ಡ ಸಂಗತಿ.

ಸಂಪಂಗಿ ಕೆರೆಯ ತೋಟಗಳು ಹೋಗಿ ತಲೆಮಾರುಗಳಾದವು. ಕರಗದ ವೀರಕುಮಾರರಲ್ಲಿ ಎಷ್ಟೋ ಮಂದಿ ಇವತ್ತು ಕಚೇರಿ, ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವವರು. ಹೂವನ್ನು ಮಾರುಕಟ್ಟೆಯಲ್ಲಿ ಕೊಳ್ಳುತ್ತಾರೆ. ಆದರೂ ಕರಗ ನಿಂತಿಲ್ಲ. ಕೆಲಸ ಹೋಯಿತು, ಕೆಲಸದ ನೆಲವೂ ಹೋಯಿತು, ಅವೆರಡರ ಸುತ್ತ ಹುಟ್ಟಿದ ಆಚರಣೆ ಉಳಿಯಿತು. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನಗರದ ನೆನಪಿನ ಭೂಗೋಳವಾಗಿ ಓದುತ್ತದೆ. ನಾನು ಆ ಮಾತನ್ನು ಒಪ್ಪುತ್ತೇನೆ. ಆದರೆ ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಕಡೆ. ಕರಗ ಉಳಿದದ್ದು ನೆನಪಿನ ಬಲದಿಂದ ಮಾತ್ರವಲ್ಲ. ಅಲ್ಲಿ ಪ್ರತಿಯೊಬ್ಬನಿಗೂ ಒಂದು ಕೆಲಸ ಗೊತ್ತುಮಾಡಿದೆ. ಕರಗ ಹೊರುವ ಪೂಜಾರಿ ಇದ್ದಾರೆ, ಗಂಟೆಪೂಜಾರಿ ಇದ್ದಾರೆ, ಗಣಾಚಾರಿ, ಗೌಡ, ಪೋತರಾಜ ಇದ್ದಾರೆ, ಕತ್ತಿ ಹಿಡಿದು ಕಾಯುವ ವೀರಕುಮಾರರು ಇದ್ದಾರೆ. ವರ್ಷದ ಆ ಕೆಲವು ದಿನ ಇವರಲ್ಲಿ ಒಬ್ಬರು ಬಾರದಿದ್ದರೂ ಅವರ ಕೆಲಸ ನಿಲ್ಲುತ್ತದೆ. ಬರಲೇಬೇಕು ಎಂಬ ಆ ಕಟ್ಟು ಇರುವವರೆಗೆ ಊರು ಇರುತ್ತದೆ.

ಇದನ್ನು ನನ್ನ ಊರಿನ ಮಾತಿನಲ್ಲಿ ಹೇಳುವುದಾದರೆ ಪಾಳಿ. ನಮ್ಮ ಕೆರೆಗೆ ಎರಡು ತೂಬು, ಒಂದು ಕೋಡಿ. ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂಬುದು ಪಾಳಿಯಂತೆ. ಅದನ್ನು ನಡೆಸುವವರು ನೀರುಗಂಟಿ. ನಾವು ಹುಡುಗರು ನೀರುಗಂಟಿ ತಾತ ಎನ್ನುತ್ತಿದ್ದೆವು. ಹೆಗಲ ಮೇಲೆ ಸಲಿಕೆ, ತಲೆಗೆ ಸುತ್ತಿದ ಟವೆಲ್ಲು. ತೂಬಿನ ಕಲ್ಲುಗಂಬಗಳ ನಡುವೆ ನೀರಿಗೆ ಇಳಿದು, ಉಸಿರು ಕಟ್ಟಿ ಮುಳುಗಿ, ಕೈಯಲ್ಲೇ ತಡಕಿ ಬಿರಡೆಯನ್ನು ಎಷ್ಟು ಬೇಕೋ ಅಷ್ಟು ಎತ್ತಿ ಬರುತ್ತಿದ್ದರು. ಮೇಲೆ ಬಂದವರೇ ಒಂದು ಹಿಡಿ ಗೋಡುಮಣ್ಣನ್ನು ನಮ್ಮ ಮುಂದೆ ಹಿಂಡಿ, ಈ ಸಲ ಹೂಳು ಜಾಸ್ತಿ ಕಣ್ರಪ್ಪ, ಬೇಸಿಗೆಗೆ ಎಲ್ಲ ಗಾಡಿ ಕಟ್ಟಬೇಕಾಗುತ್ತೆ ಅನ್ನುತ್ತಿದ್ದರು. ಬೇಸಿಗೆಯಲ್ಲಿ ಮನೆಗೊಂದು ಗಾಡಿ ಕೆರೆಗೆ ಇಳಿಯುತ್ತಿತ್ತು. ಆ ಗೋಡು ಹೊಲಕ್ಕೆ ಗೊಬ್ಬರ. ಕೆರೆ ಕೋಡಿ ಬಿದ್ದ ವರ್ಷ ಗಂಗಮ್ಮನ ಪೂಜೆ, ತೆಪ್ಪ ಬಿಡುವುದು, ಏರಿಯ ಮೇಲೆ ಊರಿಗೆಲ್ಲ ಅನ್ನ. ಹಬ್ಬ ಬೇರೆ, ಹೂಳು ಎತ್ತುವುದು ಬೇರೆ ಎಂದು ಆಗ ಯಾರೂ ವಿಂಗಡಿಸಿರಲಿಲ್ಲ.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳಬೇಕು. ಊರಿಗೆಲ್ಲ ನೀರು ಹಂಚಿದ ತಾತನ ಸ್ವಂತ ಗದ್ದೆ ಅಚ್ಚುಕಟ್ಟಿನ ಬಾಲದಲ್ಲಿತ್ತು. ಅವರು ಹಟ್ಟಿಯವರು. ಏರಿಯ ಮೇಲಿನ ಊಟದಲ್ಲಿ ಅವರ ಎಲೆ ದೂರದಲ್ಲಿ ಬೀಳುತ್ತಿತ್ತು. ಹಳೆಯ ಊರನ್ನು ನೆನೆಯುವಾಗ ಇದನ್ನು ಬಿಟ್ಟು ನೆನೆಯುವುದು ಸುಳ್ಳು. ಪಾಳಿ ಇತ್ತು, ಪಾಳಿಯಲ್ಲಿ ನ್ಯಾಯ ಇರಲಿಲ್ಲ. ತಾತನ ಮಗ ಕೈಗಾರಿಕಾ ತರಬೇತಿ ಪಡೆದು ಕಾರ್ಖಾನೆ ಸೇರಿದ. ಎಚ್‌ಎಎಲ್ ಬಂದದ್ದು 1940ರಲ್ಲಿ, ಆಮೇಲೆ ಐಟಿಐ, ಎಚ್‌ಎಂಟಿ, ಬಿಇಎಲ್. ಈ ಸಾರ್ವಜನಿಕ ಉದ್ದಿಮೆಗಳ ಸಂಬಳ ನಮ್ಮ ಸುತ್ತಿನ ಎಷ್ಟೋ ಹಟ್ಟಿಗಳಿಗೆ ಮೊದಲ ಬಾರಿಗೆ ಯಾರ ಮುಂದೆಯೂ ಕೈಕಟ್ಟಿ ನಿಲ್ಲದ ದುಡಿಮೆ ಕೊಟ್ಟಿತು. ನಗರ ನಮ್ಮಿಂದ ಕಿತ್ತುಕೊಂಡದ್ದನ್ನು ಲೆಕ್ಕ ಹಾಕುವಾಗ ಇದನ್ನು ಜಮಾ ಕಡೆ ಬರೆಯಬೇಕು. ದಪ್ಪ ಅಕ್ಷರದಲ್ಲೇ ಬರೆಯಬೇಕು.

ಬೆಂಗಳೂರಿಗೆ ಹೊರಗಿನವರು ಬಂದದ್ದು ಹೊಸತಲ್ಲ. ಬೇಗೂರಿನ ವೀರಗಲ್ಲು, ಸುಮಾರು ಕ್ರಿ.ಶ. 890ರದು, ಬೆಂಗಳೂರಿನ ಕಾಳಗವನ್ನು ಹೇಳುತ್ತದೆ. ಅಂದರೆ ಹೆಸರಿಗೇ ಸಾವಿರದ ನೂರು ವರ್ಷ ದಾಟಿದೆ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿಸಿದ ಮೇಲೆ ಬಳೆಪೇಟೆ, ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಕಸುಬಿನ ಹೆಸರಲ್ಲೇ ಬೀದಿಗಳು ಬೆಳೆದವು. ಆ ಕಸುಬಿನವರೆಲ್ಲ ಎಲ್ಲೆಲ್ಲಿಂದಲೋ ಬಂದವರು. ಕರಗದ ತಿಗಳರ ಮನೆಮಾತಿನಲ್ಲಿ ತಮಿಳು, ತೆಲುಗು, ಕನ್ನಡ ಬೆರೆತಿವೆ. ಕರಗ ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದಕ್ಕೆ ನಡೆಯುತ್ತದೆ. ಹೊರಗಿಂದ ಬಂದವನು ಇಲ್ಲಿ ಒಂದು ಕಸುಬು ಹಿಡಿದ, ಒಂದು ಬೀದಿ ಹಿಡಿದ, ಬೀದಿಯ ದೇವರ ಸೇವೆಯಲ್ಲಿ ಒಂದು ಪಾಳಿ ಹಿಡಿದ. ಮೂರನೆಯ ತಲೆಮಾರಿಗೆ ಅವನು ಬೆಂಗಳೂರಿನವನು. ಬೆಂಗಳೂರಿನವರು ಎಂಬ ಗುರುತು ರಕ್ತದಿಂದ ಬಂದದ್ದಲ್ಲ. ಅದು ಪಾಳಿಯಿಂದ ಬಂದದ್ದು.

ಹಾಗಾದರೆ ಈಗ ಬದಲಾದದ್ದು ಏನು? ವೇಗ. 1951ರಲ್ಲಿ ಈ ನಗರದಲ್ಲಿ ಎಂಟು ಲಕ್ಷಕ್ಕೂ ಕಡಿಮೆ ಜನ. 1981ಕ್ಕೆ ಸುಮಾರು 29 ಲಕ್ಷ. 2011ರ ಗಣತಿಯಲ್ಲಿ ಪಾಲಿಕೆಯ ವ್ಯಾಪ್ತಿಯಲ್ಲೇ 84 ಲಕ್ಷ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಒಟ್ಟಿಗೆ ಪಾಲಿಕೆಗೆ ಸೇರಿ ನಗರದ ಹರವು ಮೂರು ಪಟ್ಟಾಯಿತು. ನಮ್ಮೂರು ಆ ಸಾಲಿನಲ್ಲಿತ್ತು. ಅಂದು ಸಂಜೆ ಅರಳಿಕಟ್ಟೆಯಲ್ಲಿ ಕೂತಿದ್ದವರಿಗೆ ಸಂಭ್ರಮವೇ. ಕಾವೇರಿ ನೀರು ಬರುತ್ತೆ, ರಸ್ತೆಗೆ ದೀಪ ಬರುತ್ತೆ ಎಂದು ಮಾತಾಡಿಕೊಂಡೆವು. ಪಂಚಾಯ್ತಿ ಹೋಗುತ್ತದೆ ಎಂಬುದು ಯಾರಿಗೂ ದೊಡ್ಡ ಮಾತಾಗಿ ಕಾಣಲಿಲ್ಲ. ಪಂಚಾಯ್ತಿ ಹೋದಮೇಲೆ ಗೊತ್ತಾಯಿತು, ಗುಂಡುತೋಪಿಗೆ, ಗೋಮಾಳಕ್ಕೆ, ಕೆರೆಗೆ ಊರು ಎಂಬ ವಾರಸುದಾರ ಇಲ್ಲ ಎಂದು. ಅವೆಲ್ಲ ಯಾವುದೋ ಇಲಾಖೆಯ ಸರ್ವೆ ನಂಬರುಗಳಾದವು. ದೂರು ಕೊಡಲು ಹೋದರೆ ಒಂದು ಕಚೇರಿ ಇನ್ನೊಂದರತ್ತ ಕೈ ತೋರಿಸುತ್ತಿತ್ತು.

ಊರ ಹೆಸರುಗಳನ್ನೇ ನೋಡಿ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ. ಸಂದ್ರ ಎಂದರೆ ಸಮುದ್ರ. ಕಟ್ಟಿಸಿದವನ ಕಣ್ಣಿಗೆ ತನ್ನ ಕೆರೆ ಸಮುದ್ರ. ಅರಕೆರೆ, ತಾವರೆಕೆರೆ, ಹೊಸಕೆರೆಹಳ್ಳಿ. ನದಿಯ ದಡದಲ್ಲಿ ಹುಟ್ಟದ ಈ ಊರು ಕೈಯಾರೆ ಅಗೆದು ತನ್ನ ನೀರನ್ನು ಮಾಡಿಕೊಂಡಿತು ಎಂಬ ಇತಿಹಾಸ ಈ ಹೆಸರುಗಳಲ್ಲೇ ಇದೆ. ಒಂದು ಕೆರೆ ಕೋಡಿ ಬಿದ್ದರೆ ಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅಲ್ಲಿಂದ ಮುಂದಕ್ಕೆ. ಆ ರಾಜಕಾಲುವೆಗಳ ಮೇಲೆ ಮನೆ, ಕಚೇರಿ ಕಟ್ಟಿದೆವು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ಬಡಾವಣೆಗಳಿಗೆ ನೀರು ನುಗ್ಗಿ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಅದೇ ಬೆಳ್ಳಂದೂರು ಕೆರೆಯಲ್ಲಿ 2017ರಲ್ಲೂ 2018ರಲ್ಲೂ ಬೆಂಕಿ ಎದ್ದಿತ್ತು. ಕೆರೆಯಲ್ಲಿ ಬೆಂಕಿ ಎಂಬ ಮಾತನ್ನು ನೀರುಗಂಟಿ ತಾತನಿಗೆ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಆ ನೋವಿನ ಜೊತೆಗೇ ಇನ್ನೊಂದನ್ನೂ ಹೇಳಿಬಿಡುತ್ತೇನೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಆ ನೀರಿನ ಶುದ್ಧತೆಯ ಬಗ್ಗೆ ತಕರಾರಿದೆ, ಇರಲೇಬೇಕು. ಆದರೂ ವರ್ಷಗಟ್ಟಲೆ ಒಣಗಿ ಬಿರಿದಿದ್ದ ಕೆರೆ ಕೋಡಿ ಬಿದ್ದಾಗ ಅಲ್ಲಿಯ ಹೆಣ್ಣುಮಕ್ಕಳು ಬಾಗಿನ ಹಿಡಿದು ಏರಿಗೆ ಬರುತ್ತಾರೆ. ಶಾಸ್ತ್ರ ಅವರಿಗೆ ಮರೆತಿರಲಿಲ್ಲ, ನೀರಿಗಾಗಿ ಕಾದಿತ್ತು.

ಇನ್ನು ಭಾಷೆ. ಈ ಸಭೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದ್ದೇ. ಈ ನಗರದಲ್ಲಿ ಕನ್ನಡವನ್ನು ಮನೆಮಾತಾಗಿ ಆಡುವವರು ಅರ್ಧಕ್ಕಿಂತ ಕಡಿಮೆ. 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದ ಜನರನ್ನು ನೋಡಿದ ನನ್ನಂಥವರಿಗೆ ಇದು ಸಣ್ಣ ನೋವಲ್ಲ. 2024ರಲ್ಲಿ ಅಂಗಡಿ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು ಕಾನೂನಿಗೆ ತಿದ್ದುಪಡಿ ತಂದರು. ಆಗಬೇಕಾದ ಕೆಲಸ, ಆಯಿತು. ಆದರೆ ಫಲಕ ಯಾರನ್ನೂ ಮಾತಾಡಿಸುವುದಿಲ್ಲ. ಭಾಷೆ ನಾಲಗೆಗೆ ಹತ್ತುವುದು ಒಟ್ಟಿಗೆ ಮಾಡುವ ಕೆಲಸ ಇದ್ದಾಗ. ವಠಾರದಲ್ಲಿ ಒಂದೇ ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ಪಾಳಿಗಾಗಿ ನಿಂತ ಹೆಂಗಸರು ತಮಿಳಿನವರು, ತೆಲುಗಿನವರು, ಮರಾಠಿಯವರು ಎಲ್ಲ ಆರು ತಿಂಗಳಿಗೆ ಕನ್ನಡ ಆಡುತ್ತಿದ್ದರು. ಜಗಳಕ್ಕಾದರೂ ಆಡಬೇಕಿತ್ತು! ಇವತ್ತು ದೂರದ ರಾಜ್ಯದಿಂದ ಬಂದ ಹುಡುಗಿಗೆ ಊಟ ಆ್ಯಪಿನಲ್ಲಿ ಬರುತ್ತದೆ, ಆಟೋ ಆ್ಯಪಿನಲ್ಲಿ ಬರುತ್ತದೆ, ನೀರು ಕ್ಯಾನಿನಲ್ಲಿ ಬರುತ್ತದೆ. ಅವಳಿಗೆ ಕನ್ನಡ ಬೇಕಾಗುವಂಥ ಒಂದು ಕೆಲಸವನ್ನೂ ನಾವು ಕೊಟ್ಟಿಲ್ಲ. ಕಲಿಯಲಿಲ್ಲ ಎಂದು ಬಯ್ಯುವುದಕ್ಕೆ ಮೊದಲು ನಾವು ಇದನ್ನು ಯೋಚಿಸಬೇಕು.

ಬಾಡಿಗೆ ಕರಾರನ್ನು ತೆಗೆದುಕೊಳ್ಳಿ. ಎಲ್ಲರಿಗೂ ಗೊತ್ತು, ಹನ್ನೊಂದು ತಿಂಗಳು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು ಎಂಬ ಕಾರಣಕ್ಕೆ ಹುಟ್ಟಿದ ರೂಢಿ. ಊರಹಬ್ಬ ಬರುವುದು ಹನ್ನೆರಡು ತಿಂಗಳಿಗೊಮ್ಮೆ. ಕಡಲೆಕಾಯಿ ಪರಿಷೆ ಬರುವುದು ಕಾರ್ತಿಕದ ಕಡೆಯ ಸೋಮವಾರ, ವರ್ಷಕ್ಕೊಮ್ಮೆ. ಒಂದು ವರ್ಷದ ಹಬ್ಬವನ್ನು ನೋಡಿದವನು ಮರುವರ್ಷದ ಹಬ್ಬದಲ್ಲಿ ಕೈಹಾಕಬೇಕಾದರೆ ಅಲ್ಲಿಯವರೆಗೆ ಆ ಬೀದಿಯಲ್ಲಿರಬೇಕು. ನಮ್ಮ ಕಾಗದಪತ್ರವೇ ಅವನನ್ನು ಒಂದು ತಿಂಗಳು ಮುಂಚೆ ಎಬ್ಬಿಸಿಬಿಡುತ್ತದೆ. ಬಸವನಗುಡಿಯ ಪರಿಷೆಯ ವಿಷಯ ಬಂದದ್ದರಿಂದ ಹೇಳುತ್ತೇನೆ, ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ಹೊಸಕೆರೆಹಳ್ಳಿಗಳ ರೈತರು ಮೊದಲ ಬೆಳೆಯನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸುತ್ತಿದ್ದ ಜಾತ್ರೆ ಅದು. ಆ ಊರುಗಳಲ್ಲಿ ಇವತ್ತು ಕಡಲೆಕಾಯಿ ಗಿಡ ಹಾಕಲು ಒಂದು ಗುಂಟೆ ಇಲ್ಲ. ಕಾಯಿ ಕೋಲಾರ, ಚಿಂತಾಮಣಿ, ಮಾಗಡಿ, ಆಂಧ್ರ, ತಮಿಳುನಾಡುಗಳಿಂದ ಬರುತ್ತದೆ. ಪರಿಷೆ ಮಾತ್ರ ಪ್ರತಿವರ್ಷ ದೊಡ್ಡದಾಗುತ್ತಿದೆ. ಕೊಳ್ಳುವವರಿದ್ದಾರೆ, ಮಾರುವವರಿದ್ದಾರೆ, ಒಪ್ಪಿಸುವವರು ಕಡಿಮೆಯಾಗಿದ್ದಾರೆ. ಕರಗಕ್ಕೂ ಪರಿಷೆಗೂ ನಾನು ಕಾಣುವ ವ್ಯತ್ಯಾಸ ಇದು.

ಈಗ ನಮ್ಮೂರಿನ ಹಬ್ಬಕ್ಕೆ ಬರುತ್ತೇನೆ. ಅಮ್ಮನವರ ಹಬ್ಬಕ್ಕೆ ಮೊದಲು ತಮಟೆ ಬಡಿದು ಸಾರು ಹಾಕುತ್ತಾರೆ. ಸಾರು ಹಾಕಿದ ಮೇಲೆ ಊರವರು ಬೇರೆ ಊರಿನಲ್ಲಿ ರಾತ್ರಿ ತಂಗಬಾರದು. ನೈಟ್ ಶಿಫ್ಟಿನ ಮಕ್ಕಳು ಬೆಳಗಿನ ಜಾವ ಬಂದು ಅಮ್ಮನಿಗೆ ತಪ್ಪುಕಾಣಿಕೆ ಕಟ್ಟುವುದು ಈಗ ರೂಢಿಯಾಗಿದೆ. ಮಂಗಳವಾರ ಸಂಜೆ ಆರತಿ. ಅಕ್ಕಿ ನೆನೆಸಿ, ಆರಿಸಿ, ಹಿಟ್ಟು ಮಾಡಿ, ಬೆಲ್ಲದ ಪಾಕದಲ್ಲಿ ಕಲಸಿ, ಗೋಪುರದ ಹಾಗೆ ತಂಬಿಟ್ಟು ಕಟ್ಟಿ, ಹೂವು ಸುತ್ತಿ, ನೆತ್ತಿಯಲ್ಲಿ ತುಪ್ಪದ ಬತ್ತಿ ಹಚ್ಚಿ ಹೆಣ್ಣುಮಕ್ಕಳು ತಲೆಯ ಮೇಲೆ ಹೊರುತ್ತಾರೆ. ಮೊದಲು ಹಟ್ಟಿಯ ಆರತಿ ಊರ ಆರತಿಗಿಂತ ಹಿಂದೆ, ಬೇರೆ ಸಾಲಿನಲ್ಲಿ ಬರುತ್ತಿತ್ತು. ಹಿಂದಿನ ಸಾಲಾದರೆ ನಮ್ಮ ತಮಟೆಯೂ ಇಲ್ಲ ಎಂದು ನೀರುಗಂಟಿ ತಾತನ ಮೊಮ್ಮಕ್ಕಳು ಒಂದು ವರ್ಷ ಕೂತರು. ಊರು ಎರಡು ರಾತ್ರಿ ಪಂಚಾಯ್ತಿ ಮಾಡಿತು. ಅಂದಿನಿಂದ ಒಂದೇ ಸಾಲು. ಹಟ್ಟಿ ಯಾರಿಗೂ ಬಗ್ಗಬೇಕಾಗಿಲ್ಲದ ದಿನ ಬಂದದ್ದರಿಂದ ಆ ಸಾಲು ಒಂದಾಯಿತು. ಅದನ್ನು ತಂದದ್ದು ಈ ನಗರ.

ಆರತಿ ಹೋಗುವ ದಾರಿ ಹಿಂದೆ ಹುಣಸೆತೋಪಿನೊಳಗೆ ಇತ್ತು. ಆ ಜಾಗದಲ್ಲಿ ಈಗ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು. ಕೆಲವು ವರ್ಷದ ಹಿಂದೆ ಆರತಿ ಬಂದಾಗ ಗೇಟು ಹಾಕಿತ್ತು. ಒಳಗಿನ ರಸ್ತೆ ಖಾಸಗಿ ಎಂದರು. ತಲೆಯ ಮೇಲೆ ಉರಿಯುವ ದೀಪ ಹೊತ್ತ ನಲವತ್ತು ಹೆಂಗಸರು, ಅವರಲ್ಲಿ ನಮ್ಮ ಅತ್ತಿಗೆ ಒಬ್ಬರು, ಮುಚ್ಚಿದ ಗೇಟಿನ ಮುಂದೆ ಅರ್ಧ ಗಂಟೆ ನಿಂತರು. ತಮಟೆ ನಿಲ್ಲಿಸಲಿಲ್ಲ. ಹುಡುಗರ ಕಣ್ಣು ಕೆಂಪಾಗಿತ್ತು. ಕೊನೆಗೆ ಆರತಿ ಮುಖ್ಯರಸ್ತೆಯ ಲಾರಿಗಳ ನಡುವೆ ಸುತ್ತಿ ಹೋಯಿತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆದರೆ ತೋಪನ್ನು ಮಾರಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರು, ರುಜು ಹಾಕಿದವರು ನಮ್ಮೂರಿನವರೇ. ದುಡ್ಡು ಬಂದಾಗ ದೇವರ ದಾರಿಯ ಮಾತನ್ನು ನಾವು ಯಾರೂ ಎತ್ತಲಿಲ್ಲ. ಗೇಟಿನ ಒಳಗಿದ್ದವರಿಗೆ ಅಲ್ಲೊಂದು ದಾರಿ ಇತ್ತು ಎಂದು ಹೇಳಿದವರೂ ಇರಲಿಲ್ಲ.

ಮರುವರ್ಷ ಹಬ್ಬಕ್ಕೆ ತಿಂಗಳು ಇರುವಾಗಲೇ ಅತ್ತಿಗೆಯೂ ಹಟ್ಟಿಯ ಇಬ್ಬರು ಹೆಣ್ಣುಮಕ್ಕಳೂ ಕುಂಕುಮದ ಬಟ್ಟಲು ಹಿಡಿದು ಆ ಅಪಾರ್ಟ್‌ಮೆಂಟಿನ ಬಾಗಿಲು ಬಾಗಿಲಿಗೆ ಹೋದರು. ವಂತಿಗೆ ಕೇಳಲಿಲ್ಲ. ನಿಮ್ಮ ಗೇಟಿನ ಹತ್ತಿರ ದೇವರು ಬರುತ್ತೆ, ನೀರು ಹಾಕಿ ರಂಗೋಲಿ ಇಡಬೇಕು, ಯಾರು ಇಡ್ತೀರಿ ಎಂದು ಕೇಳಿದರು. ಕೆಲವರು ಬಾಗಿಲು ತೆರೆಯಲಿಲ್ಲ. ಕೆಲವರಿಗೆ ಮಾತು ತಿಳಿಯಲಿಲ್ಲ. ಹನ್ನೊಂದು ಮನೆಯವರು ಹೆಸರು ಬರೆಸಿದರು. ಆ ವರ್ಷ ಗೇಟು ತೆಗೆದಿತ್ತು. ಒಳಗಿನ ರಸ್ತೆಯುದ್ದಕ್ಕೂ ನೀರು ಚಿಮುಕಿಸಿ ರಂಗೋಲಿ ಇಟ್ಟಿದ್ದರು. ಕೆಲವು ನಮ್ಮ ಕಡೆಯ ಚುಕ್ಕಿ ರಂಗೋಲಿ, ಕೆಲವು ನಾವು ಕಂಡರಿಯದ ಬಿಳಿಯ ಬಳ್ಳಿ.

ಆರತಿಯ ಪಟ್ಟಿಯನ್ನು ನಮ್ಮೂರಿನಲ್ಲಿ ದೇವಸ್ಥಾನದ ಗೋಡೆಗೆ ಹಚ್ಚುತ್ತಾರೆ, ಯಾರ ಹಿಂದೆ ಯಾರು ಎಂದು. ಈ ವರ್ಷದ ಪಟ್ಟಿ ಬರೆಯುವ ದಿನ, ಮೂರು ವರ್ಷದಿಂದ ಆ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿರುವ ಅಸ್ಸಾಮಿನ ಒಬ್ಬ ಹೆಣ್ಣುಮಗಳು ಬಂದು ಅತ್ತಿಗೆಯ ಪಕ್ಕ ನಿಂತಳು. ಮೂರು ಸಲ ಕರಾರು ನವೀಕರಿಸಿಕೊಂಡು ಉಳಿದವಳು. ನಾನೂ ಹೊರಬಹುದಾ ಆಂಟಿ ಎಂದು ಕೇಳಿದಳು, ತಡವರಿಸಿದರೂ ಕನ್ನಡದಲ್ಲೇ. ಪಟ್ಟಿ ಬರೆಯುತ್ತಿದ್ದ ಹಿರಿಯರು ಪೆನ್ನು ಎತ್ತಿ ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ತಲೆಯಾಡಿಸಿದರು. ಅವಳ ಹೆಸರನ್ನು ನೀರುಗಂಟಿ ತಾತನ ಮೊಮ್ಮಗಳ ಹಿಂದೆ ಬರೆದರು. ಬರೆದದ್ದನ್ನು ಅವಳು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಹೊರಟವಳು ಅರಳಿಕಟ್ಟೆಯ ತನಕ ಹೋಗಿ ತಿರುಗಿ ಬಂದಳು.

‘ಆಂಟಿ, ಹಿಟ್ಟು ಎಲ್ಲಿ ಮಾಡಿಸೋದು?’

‘ಹಳೇ ಬೀದಿ ಮಿಲ್ಲಲ್ಲಿ ಕಣಮ್ಮ. ಸೋಮವಾರ ರಾತ್ರಿ ಅಕ್ಕಿ ನೆನೆಹಾಕು. ಬೆಳಗ್ಗೆ ತಲೆಗೆ ನೀರು ಹಾಕ್ಕೊಂಡು ಆರು ಗಂಟೆಗೆ ಬಾ, ಎಲ್ಲ ಒಟ್ಟಿಗೇ ಹೋಗೋಣ.’